ಹೆಸರು ಬಿಡು, ನಂಬರ್ ನೋಡು

ಮಗಾ, ನಿಮ್ಮಪ್ಪನ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ್ದೀಯಂತೆ, ಸಂತೋಷ. ಮೆಷಿನ್ನು ಮೊದಲಿಗಿಂತ ಚುರುಕಾಗಿದೆ, ಕನ್ನಡವೂ ಸರಿಯಾಗಿ ಕಾಣುತ್ತದೆ, ಆದರೆ ವೈಫೈ ಹೆಸರಿಗೂ ಇಲ್ಲ, ಸ್ಪೀಕರಿಗೆ ಬಾಯಿಲ್ಲ, ಪ್ರಿಂಟರ್ ಜಪ್ಪಯ್ಯ ಅಂದರೂ ಅಲುಗುತ್ತಿಲ್ಲ ಎಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ‘ಇದಕ್ಕೆ ಲಿನಕ್ಸ್ ಸಪೋರ್ಟ್ ಇಲ್ಲ’ ಎಂದು ನೀನಾಗಲೇ ತೀರ್ಪು ಬರೆದಾಗಿದೆಯಂತೆ. ಆ ತೀರ್ಪಿಗೆ ಸದ್ಯಕ್ಕೊಂದು ತಡೆಯಾಜ್ಞೆ ಇರಲಿ. ಸಪೋರ್ಟ್ ಇಲ್ಲ ಎಂದು ಜನ ಮೂಲೆಗೆ ತಳ್ಳಿದ ಮೆಷಿನ್ನುಗಳಲ್ಲಿ ಬಹಳಷ್ಟಕ್ಕೆ ಸಪೋರ್ಟ್ ಇದ್ದೇ ಇತ್ತು. ಒಳಗೆ ಕೂತಿರುವುದು ಏನು ಎಂದು ಯಾರೂ ವಿಚಾರಿಸಿರಲಿಲ್ಲ, ಅಷ್ಟೆ.

ಮೊದಲು ಲ್ಯಾಪ್‌ಟಾಪಿನ ಹೆಸರನ್ನು ಮರೆತುಬಿಡು. ಮುಚ್ಚಳದ ಮೇಲಿನ ಕಂಪನಿ ಹೆಸರಾಗಲಿ, ಅಡಿಯ ಸ್ಟಿಕ್ಕರಿನ ಮಾಡೆಲ್ ಹೆಸರಾಗಲಿ ಈ ಕೆಲಸಕ್ಕೆ ಬರುವುದಿಲ್ಲ. ಒಂದೇ ಮಾಡೆಲ್ಲಿನ ಎರಡು ಲ್ಯಾಪ್‌ಟಾಪುಗಳಲ್ಲಿ ಒಂದಕ್ಕೆ ಇಂಟೆಲ್ ವೈಫೈ, ಇನ್ನೊಂದಕ್ಕೆ ಬ್ರಾಡ್‌ಕಾಮ್ ವೈಫೈ ಇರುವುದು ತೀರಾ ಮಾಮೂಲು. ಲಿನಕ್ಸಿಗೆ ಬೇಕಾದದ್ದು ಒಳಗಿನ ಚಿಪ್ಪಿನ ನಂಬರು. ಟರ್ಮಿನಲ್ ತೆರೆದು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಎಲ್‌ಎಸ್‌ಪಿಸಿಐ ಎಂದು ಬರೆ, ಒಂದು ಸ್ಪೇಸ್ ಬಿಡು, ಒಂದು ಹೈಫನ್ ಹಾಕಿ ಅದಕ್ಕೆ ಅಂಟಿಕೊಂಡ ಹಾಗೆ ಎನ್‌ಎನ್‌ಕೆ ಎಂದು ಬರೆದು ಎಂಟರ್ ಒತ್ತು. ಉದ್ದನೆಯ ಪಟ್ಟಿ ಬರುತ್ತದೆ, ಹೆದರಬೇಡ. ನೆಟ್‌ವರ್ಕ್ ಕಂಟ್ರೋಲರ್ ಎಂದಿರುವ ಸಾಲು ಹುಡುಕು. ಸಾಲಿನ ಕೊನೆಯ ಹತ್ತಿರ ಚೌಕ ಆವರಣದೊಳಗೆ 14ಇ4:4315 ಎಂಬಂಥ ಗುರುತು ಇರುತ್ತದೆ. ಎಡಗಡೆಯ ನಾಲ್ಕು ಅಕ್ಷರ ತಯಾರಕರದು, ಬಲಗಡೆಯ ನಾಲ್ಕು ಆ ಚಿಪ್ಪಿನದು. 14ಇ4 ಅಂದರೆ ಬ್ರಾಡ್‌ಕಾಮ್, 168ಸಿ ಅಂದರೆ ಅಥೆರಾಸ್, 10ಇಸಿ ಅಂದರೆ ರಿಯಲ್‌ಟೆಕ್. ಇಂಟೆಲ್ಲಿನವರದು 8086, 1978ರಲ್ಲಿ ಬಂದ ತಮ್ಮ ಹೆಸರಾಂತ ಪ್ರೊಸೆಸರಿನ ನಂಬರನ್ನೇ ಗುರುತಾಗಿ ಇಟ್ಟುಕೊಂಡಿದ್ದಾರೆ, ಗತ್ತು ನೋಡು!

ಯುಎಸ್‌ಬಿಗೆ ಚುಚ್ಚುವ ಸಾಮಾನಾದರೆ ಎಲ್‌ಎಸ್‌ಯುಎಸ್‌ಬಿ ಎಂಬ ಕಮಾಂಡು. ಅಲ್ಲಿಯಂತೂ ಹೆಸರನ್ನು ನಂಬಿದವನು ಕೆಟ್ಟ. ಟಿಪಿ-ಲಿಂಕಿನ ಡಬ್ಲ್ಯೂಎನ್722ಎನ್ ಎಂಬ ವೈಫೈ ಡಾಂಗಲ್ ಲಿನಕ್ಸ್ ಬಳಗದಲ್ಲಿ ಒಂದು ಕಾಲಕ್ಕೆ ಕಣ್ಣು ಮುಚ್ಚಿ ಕೊಳ್ಳುವ ಸಾಮಾನಾಗಿತ್ತು, ಏಕೆಂದರೆ ಅದರೊಳಗೆ ಅಥೆರಾಸಿನ ಎಆರ್9271 ಚಿಪ್ಪು ಇತ್ತು. ಎರಡನೇ ಆವೃತ್ತಿಯಿಂದ ಒಳಗೆ ರಿಯಲ್‌ಟೆಕ್ ಚಿಪ್ಪು ಬಂತು. ಮೇಲಿನ ಹೆಸರು ಅದೇ, ಡಬ್ಬಿಯ ಮೂಲೆಯ ಸಣ್ಣಕ್ಷರದಲ್ಲಿ ಮಾತ್ರ ಆವೃತ್ತಿಯ ಸಂಖ್ಯೆ. ಹಳೇ ಶಿಫಾರಸು ಓದಿಕೊಂಡು ಹೊಸದನ್ನು ತಂದವರು ತಲೆ ಚಚ್ಚಿಕೊಂಡದ್ದು ಹೀಗೆ. ಇನ್ನು ಕೆಲವು ಅಗ್ಗದ ರಿಯಲ್‌ಟೆಕ್ ಡಾಂಗಲ್‌ಗಳ ಆಟವೇ ಬೇರೆ. ಚುಚ್ಚಿದ ಕೂಡಲೇ ಅವು ತಾವು ವೈಫೈ ಎಂದು ಹೇಳಿಕೊಳ್ಳುವುದೇ ಇಲ್ಲ, ವಿಂಡೋಸ್ ಡ್ರೈವರ್ ತುಂಬಿಕೊಂಡ ಸಿ.ಡಿ. ಡ್ರೈವ್ ಎಂದು ಪೋಸು ಕೊಡುತ್ತವೆ. 0ಬಿಡಿಎ:1ಎ2ಬಿ ಎಂಬ ನಂಬರ್ ಕಂಡರೆ ಅದು ಈ ವೇಷ. ಫೈಲ್ ಮ್ಯಾನೇಜರಿನಲ್ಲಿ ಆ ಸಿ.ಡಿ.ಯನ್ನು ಇಜೆಕ್ಟ್ ಮಾಡಿದರೆ ಎಷ್ಟೋ ಸಲ ನಿಜರೂಪಕ್ಕೆ ಬರುತ್ತದೆ. ಬಾರದಿದ್ದರೆ ಯುಎಸ್‌ಬಿ-ಮೋಡ್‌ಸ್ವಿಚ್ ಎಂಬ ಪ್ಯಾಕೇಜು ಹಾಕಿಕೋ.

ನಂಬರ್ ಸಿಕ್ಕಿದ ಮೇಲೆ ಗಡಿಬಿಡಿಯಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಲು ಹೋಗಬೇಡ. ಮೊದಲು ಬೀಗ ಹಾಕಿದೆಯೋ ಎಂದು ನೋಡು. ಆರ್‌ಎಫ್‌ಕಿಲ್ ಲಿಸ್ಟ್ ಎಂದು ಕೊಟ್ಟರೆ ವೈಫೈ ಸಾಫ್ಟ್ ಬ್ಲಾಕ್ ಆಗಿದೆಯೋ ಹಾರ್ಡ್ ಬ್ಲಾಕ್ ಆಗಿದೆಯೋ ತೋರಿಸುತ್ತದೆ. ಸಾಫ್ಟ್ ಆದರೆ ಅದೇ ಕಮಾಂಡಿಗೆ ಅನ್‌ಬ್ಲಾಕ್ ಆಲ್ ಎಂದರೆ ಸಾಕು. ಹಾರ್ಡ್ ಎಂದಿದ್ದರೆ ಆ ಕಾಲದ ಲ್ಯಾಪ್‌ಟಾಪುಗಳ ಮುಂದಿನ ಅಂಚಿನಲ್ಲೋ ಪಕ್ಕದಲ್ಲೋ ಒಂದು ಪುಟ್ಟ ಜಾರುವ ಸ್ವಿಚ್ಚು ಇರುತ್ತಿತ್ತು, ಉಗುರಿನಲ್ಲಿ ಸವರಿ ನೋಡು. ದೂಳು ತುಂಬಿ ಆ ಸ್ವಿಚ್ಚು ಕಣ್ಣಿಗೇ ಬೀಳುವುದಿಲ್ಲ. ಅದನ್ನು ಬಿಟ್ಟು ಇಡೀ ಸಿಸ್ಟಮ್ ಅಳಿಸಿ ಮತ್ತೆ ಹಾಕುವವರನ್ನು ನೋಡಿ ನೋಡಿ ಸಾಕಾಗಿದೆ ಮಾರಾಯ.

ಬೀಗ ಇಲ್ಲದಿದ್ದರೆ ಆಮೇಲೆ ಡ್ರೈವರಿನ ಮಾತು. ಡ್ರೈವರ್ ಬೇರೆ, ಫರ್ಮ್‌ವೇರ್ ಬೇರೆ, ಇದು ಗಟ್ಟಿಯಾಗಿರಲಿ. ಡ್ರೈವರ್ ಕರ್ನಲ್ಲಿನ ಜೊತೆ ನಿನ್ನ ಪ್ರೊಸೆಸರಿನಲ್ಲಿ ಓಡುತ್ತದೆ. ಫರ್ಮ್‌ವೇರ್ ಓಡುವುದು ವೈಫೈ ಕಾರ್ಡಿನೊಳಗಿನ ಪುಟ್ಟ ಪ್ರೊಸೆಸರಿನಲ್ಲಿ, ಪ್ರತಿಸಲ ಕಾರ್ಡು ಏಳುವಾಗಲೂ ಡ್ರೈವರ್ ಅದನ್ನು ಒಳಗೆ ತುಂಬಬೇಕು. ಎಷ್ಟೋ ಹಳೇ ಕಾರ್ಡುಗಳಿಗೆ ಡ್ರೈವರ್ ಕರ್ನಲ್ಲಿನಲ್ಲೇ ಇರುತ್ತದೆ, ಇಲ್ಲದಿರುವುದು ಫರ್ಮ್‌ವೇರ್ ಫೈಲು. ನಾನು ಹೇಳಿದ 14ಇ4:4315 ಇದೆಯಲ್ಲ, ಅದು ಬ್ರಾಡ್‌ಕಾಮಿನ ಬಿಸಿಎಂ4312, 2009ರ ಆಸುಪಾಸಿನ ಲ್ಯಾಪ್‌ಟಾಪುಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಅದರ ಸಾಲಿನ ಕೆಳಗೆ ‘ಬಳಕೆಯಲ್ಲಿರುವ ಡ್ರೈವರ್: ಬಿ43-ಪಿಸಿಐ-ಬ್ರಿಜ್’ ಎಂಬರ್ಥದ ಇನ್ನೊಂದು ಸಾಲು ಇರುತ್ತದೆ. ಡ್ರೈವರ್ ಬಂದಾಗಿದೆ, ಆದರೂ ವೈಫೈ ಇಲ್ಲ! ಇಲ್ಲಿಗೆ ಬಂದ ಹುಡುಗರು ಕಾರ್ಡೇ ಸತ್ತಿದೆ ಎಂದುಕೊಳ್ಳುತ್ತಾರೆ. ಸುಡೊ ಸೇರಿಸಿ ಡಿಎಂಇಎಸ್‌ಜಿ ಎಂದು ಕೊಟ್ಟು ಬಿ43 ಎಂಬಲ್ಲಿ ಏನಿದೆ ನೋಡು: ಯುಕೋಡ್15 ಎಂಬ ಫರ್ಮ್‌ವೇರ್ ಫೈಲು ಸಿಗಲಿಲ್ಲ ಎಂದು ಡ್ರೈವರೇ ಕೂಗಿಕೊಳ್ಳುತ್ತಿರುತ್ತದೆ. ಏನು ಬೇಕು ಎಂದು ಮೆಷಿನ್ನೇ ಹೇಳುತ್ತಿದೆ, ಕಿವಿಗೊಡುವವರು ಬೇಕು.

ಬ್ರಾಡ್‌ಕಾಮಿನ ಪುರಾಣ ಸ್ವಲ್ಪ ಹೇಳುತ್ತೇನೆ, ಕೇಳು. ಮೊದಮೊದಲು ಈ ಚಿಪ್ಪುಗಳಿಗೆ ಕಂಪನಿ ಲಿನಕ್ಸ್ ಡ್ರೈವರನ್ನೂ ಕೊಡಲಿಲ್ಲ, ಒಳಗಿನ ವಿವರವನ್ನೂ ಕೊಡಲಿಲ್ಲ. ಆಗ ಕೆಲವರು ಕೂತು, ಬೇರೆಡೆ ಓಡುತ್ತಿದ್ದ ಕಂಪನಿಯ ಡ್ರೈವರನ್ನೇ ಬಿಡಿಸಿ ನೋಡಿ, ಅದು ಚಿಪ್ಪಿನೊಡನೆ ಏನೇನು ಮಾತಾಡುತ್ತದೆ ಎಂದು ಪುಟಗಟ್ಟಲೆ ವಿವರಣೆ ಬರೆದರು. ಆ ಡ್ರೈವರಿನತ್ತ ಕಣ್ಣೆತ್ತಿಯೂ ನೋಡದ ಇನ್ನೊಂದು ಗುಂಪು ಬರೀ ಆ ವಿವರಣೆ ಓದಿ ಹೊಸ ಡ್ರೈವರ್ ಬರೆಯಿತು. ಹಕ್ಕುಸ್ವಾಮ್ಯದ ತಕರಾರು ಏಳಬಾರದೆಂದು ಎರಡು ಗುಂಪುಗಳ ನಡುವೆ ಈ ಗೋಡೆ. 2006ರಲ್ಲಿ ಅದರ ಮೊದಲ ರೂಪ ಕರ್ನಲ್ಲಿಗೆ ಸೇರಿತು, 2008ರ ಜನವರಿಯಲ್ಲಿ ಬಂದ 2.6.24ನೇ ಕರ್ನಲ್ಲಿನಲ್ಲಿ ಅದು ಬಿ43 ಆಯಿತು. ಕಂಪನಿ ತಾನಾಗಿ ಮುಕ್ತ ಡ್ರೈವರ್ ಬಿಡುಗಡೆ ಮಾಡಿದ್ದು 2010ರ ಸೆಪ್ಟೆಂಬರಿನಲ್ಲಿ, ಅದೂ ಆಮೇಲಿನ ಚಿಪ್ಪುಗಳಿಗೆ. ಡ್ರೈವರನ್ನು ಹೀಗೆ ಹೊಸದಾಗಿ ಬರೆಯಬಹುದು, ಆದರೆ ಫರ್ಮ್‌ವೇರ್ ಕಂಪನಿಯದೇ, ಅದನ್ನು ಹಂಚಲು ಅನುಮತಿ ಇಲ್ಲ. ಅದಕ್ಕೆ ಒಂದು ಉಪಾಯ: ಕಂಪನಿಯ ಡ್ರೈವರ್ ಫೈಲನ್ನು ನಿನ್ನ ಮೆಷಿನ್ನಿಗೇ ಇಳಿಸಿಕೊಂಡು, ಅದರ ಹೊಟ್ಟೆ ಬಗೆದು ಫರ್ಮ್‌ವೇರನ್ನು ಕತ್ತರಿಸಿ ತೆಗೆಯುವ ಒಂದು ಸಲಕರಣೆ, ಬಿ43-ಎಫ್‌ಡಬ್ಲ್ಯೂಕಟರ್. ಡೆಬಿಯನ್, ಉಬುಂಟು ವಂಶದ ಲಿನಕ್ಸುಗಳಲ್ಲಿ ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್ ಎಂಬ ಪ್ಯಾಕೇಜು ಈ ಕೆಲಸವನ್ನೆಲ್ಲ ತಾನೇ ಮಾಡುತ್ತದೆ. ಡೆಬಿಯನ್ನಿನಲ್ಲಾದರೆ ಕಾಂಟ್ರಿಬ್ ಎಂಬ ವಿಭಾಗವನ್ನು ಮೊದಲು ತೆರೆದುಕೊಳ್ಳಬೇಕು. 2022ರಲ್ಲಿ ಡೆಬಿಯನ್ ಬಳಗದವರು ಮತ ಹಾಕಿ, ಮುಕ್ತವಲ್ಲದ ಫರ್ಮ್‌ವೇರನ್ನೂ ಇನ್‌ಸ್ಟಾಲರಿನೊಳಗೆ ಸೇರಿಸಬಹುದು ಎಂದು ತೀರ್ಮಾನಿಸಿದರು. 2023ರ ಡೆಬಿಯನ್ 12ರಿಂದ ಬಹಳ ಕಾರ್ಡುಗಳು ತಾವಾಗಿಯೇ ಏಳುತ್ತವೆ. ಈ ಹಳೇ ಬ್ರಾಡ್‌ಕಾಮಿಗೆ ಮಾತ್ರ ಆ ಭಾಗ್ಯ ಇಲ್ಲ, ಹಂಚುವ ಅನುಮತಿಯೇ ಇಲ್ಲವಲ್ಲ.

ವೈಫೈ ಇಲ್ಲದೆ ವೈಫೈಯ ಫೈಲು ಇಳಿಸುವುದು ಹೇಗೆ ಎಂದು ಕೇಳುತ್ತೀಯ. ಕೈಯಲ್ಲಿರುವ ಫೋನು ಏತಕ್ಕೆ? ಚಾರ್ಜಿಂಗ್ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಸೇರಿಸಿ, ಫೋನಿನ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡು. ಯಾವ ಡ್ರೈವರೂ ಹಾಕದೆ ಲಿನಕ್ಸ್ ಅದನ್ನು ನೆಟ್‌ವರ್ಕ್ ಎಂದು ಹಿಡಿದುಕೊಳ್ಳುತ್ತದೆ. ಫೋನಿನ ಡೇಟಾ ಖರ್ಚಾಗುತ್ತದೆ ಎಂಬ ಚಿಂತೆಯೂ ಬೇಡ. ಫೋನನ್ನು ಮನೆಯ ವೈಫೈಗೆ ಸೇರಿಸಿಕೊಂಡೇ ಟೆದರ್ ಮಾಡಿದರೆ ಬಹುಪಾಲು ಆಂಡ್ರಾಯ್ಡ್ ಫೋನುಗಳು ಅದನ್ನೇ ಹಾಯಿಸುತ್ತವೆ. ಕೇಬಲ್ ಮಾತ್ರ ಬರೀ ಚಾರ್ಜಿಂಗಿನದಾಗಿರಬಾರದು, ಡೇಟಾ ಹರಿಯುವಂಥದ್ದೇ ಬೇಕು.

ಬ್ರಾಡ್‌ಕಾಮಿಗೆ ಇನ್ನೊಂದು ದಾರಿಯೂ ಇದೆ, ಕಂಪನಿಯದೇ ಮುಚ್ಚಿದ ಡ್ರೈವರ್, ಡಬ್ಲ್ಯೂಎಲ್ ಎಂದು ಅದರ ಹೆಸರು. ಹುಡುಗರು ಮಾಡುವ ಎಡವಟ್ಟು ಇಲ್ಲೇ: ಒಂದನ್ನು ಹಾಕಿ ಹತ್ತು ನಿಮಿಷ ಕಾದು, ಬರಲಿಲ್ಲ ಎಂದು ಇನ್ನೊಂದನ್ನೂ ಅದರ ಮೇಲೆ ಹೇರುತ್ತಾರೆ. ಡಬ್ಲ್ಯೂಎಲ್ ಬಂದ ಕೂಡಲೇ ಬಿ43 ಮತ್ತು ಅದರ ಬಳಗವನ್ನು ಬ್ಲ್ಯಾಕ್‌ಲಿಸ್ಟಿಗೆ ಹಾಕುತ್ತದೆ. ಆಮೇಲೆ ಡಬ್ಲ್ಯೂಎಲ್ ತೆಗೆದರೂ ಆ ಬ್ಲ್ಯಾಕ್‌ಲಿಸ್ಟ್ ಫೈಲು ಕೆಲವೊಮ್ಮೆ ಹಾಗೇ ಉಳಿದು, ಬಿ43 ಏಳುವುದೇ ಇಲ್ಲ. ಇಟಿಸಿ ಫೋಲ್ಡರಿನ ಒಳಗೆ ಮೋಡ್‌ಪ್ರೋಬ್-ಡಾಟ್-ಡಿ ಎಂಬ ಫೋಲ್ಡರ್ ಇದೆ, ಅಲ್ಲಿ ಇಣುಕಿ ನೋಡು. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ರೀಸ್ಟಾರ್ಟ್, ಆಮೇಲೆ ಮತ್ತೆ ಡಿಎಂಇಎಸ್‌ಜಿ. ಏನು ಮಾಡಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು, ಕಂಪ್ಯೂಟರಿನಲ್ಲಿ ಬೇಡ, ಕಾಗದದಲ್ಲಿ. ಸ್ಕ್ರೀನೇ ಹೋದ ದಿನ ಆ ಕಾಗದವೇ ಗತಿ.

ನೀನು ಹಾಕಿರುವುದು ಹಗುರ ಲಿನಕ್ಸ್ ಎಂದು ಕೇಳಿದೆ. ಆಂಟಿಎಕ್ಸ್ ಇರಲಿ, ಪಪ್ಪಿ ಇರಲಿ, ಲುಬುಂಟು ಇರಲಿ, ಹಗುರ ಅನ್ನುವುದು ಮೇಲಿನ ಡೆಸ್ಕ್‌ಟಾಪಿಗೆ ಹೇಳುವ ಮಾತು. ಒಳಗಿರುವುದು ಅದೇ ಲಿನಕ್ಸ್ ಕರ್ನಲ್, ಅದೇ ಡ್ರೈವರುಗಳು. ದೊಡ್ಡ ಲಿನಕ್ಸಿನಲ್ಲಿ ನಡೆಯುವ ಕಾರ್ಡು ಇದರಲ್ಲೂ ನಡೆಯಬೇಕು. ನಡೆಯದಿದ್ದರೆ ಕಾರಣ ಎರಡೇ ಇರುತ್ತದೆ: ಐಎಸ್‌ಒ ಗಾತ್ರ ಇಳಿಸಲು ಫರ್ಮ್‌ವೇರಿಗೆ ಕತ್ತರಿ ಹಾಕಿದ್ದಾರೆ, ಇಲ್ಲವೇ ಕರ್ನಲ್ ಹಳೆಯದೋ ಹೊಸದೋ ಆಗಿ ಹೊಂದುತ್ತಿಲ್ಲ. ಇದನ್ನು ಪತ್ತೆ ಮಾಡಲು ನನ್ನ ಇಷ್ಟದ ಉಪಾಯ ಹೇಳುತ್ತೇನೆ. ಒಂದು ಪೆನ್‌ಡ್ರೈವಿಗೆ ವೆಂಟಾಯ್ ಹಾಕು. ಅದಕ್ಕೆ ಮೂರು ನಾಲ್ಕು ಲಿನಕ್ಸುಗಳ ಐಎಸ್‌ಒ ಫೈಲುಗಳನ್ನು ಸುಮ್ಮನೆ ಕಾಪಿ ಮಾಡಿದರೆ ಸಾಕು, ಬೂಟ್ ಆಗುವಾಗ ಯಾವುದು ಬೇಕು ಎಂದು ಅದೇ ಕೇಳುತ್ತದೆ. ಇನ್‌ಸ್ಟಾಲ್ ಮಾಡದೆ ಒಂದೊಂದನ್ನೇ ಲೈವ್ ಆಗಿ ಓಡಿಸಿ ನೋಡು. ಯಾವುದರಲ್ಲಾದರೂ ವೈಫೈ ಬಂತೋ, ಅಲ್ಲೇ ಎಲ್‌ಎಸ್‌ಪಿಸಿಐ ಕೊಟ್ಟು ಯಾವ ಡ್ರೈವರ್ ಬಳಕೆಯಲ್ಲಿದೆ, ಕರ್ನಲ್ ನಂಬರ್ ಎಷ್ಟು ಎಂದು ಬರೆದುಕೋ. ‘ಇದಕ್ಕೆ ಸಪೋರ್ಟ್ ಇದೆಯೇ’ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಉಳಿದದ್ದು ಅದನ್ನು ನಿನ್ನ ಲಿನಕ್ಸಿಗೆ ತರುವ ಕೆಲಸ.

ಅಂದಹಾಗೆ, ಹಳೇ ಮೆಷಿನ್ನು ಎಂದಾಕ್ಷಣ 32 ಬಿಟ್ ಲಿನಕ್ಸ್ ಹಾಕಬೇಡ. ಎಲ್‌ಎಸ್‌ಸಿಪಿಯು ಎಂದು ಕೊಟ್ಟರೆ 32, 64 ಎರಡೂ ನಡೆಯುತ್ತದೋ ಇಲ್ಲವೋ ಹೇಳುತ್ತದೆ. ಕೋರ್ 2 ಡ್ಯುಯೋ ಇದ್ದರೆ 64 ಬಿಟ್ಟೇ ಹಾಕು. ನೆಟ್‌ಬುಕ್ಕುಗಳಲ್ಲಿದ್ದ ಆಟಮ್ ಎನ್270ರಂಥದ್ದಕ್ಕೆ ಮಾತ್ರ 32 ಬಿಟ್ ಅನಿವಾರ್ಯ, ಮತ್ತು ಅದಕ್ಕೆ ಆಯ್ಕೆ ದಿನೇದಿನೇ ಕಡಿಮೆಯಾಗುತ್ತಿದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರೂ ಇಲ್ಲ, ಕರ್ನಲ್ಲೂ ಇಲ್ಲ.

ಕೆಲವು ಡಾಂಗಲ್‌ಗಳಿಗೆ ಡ್ರೈವರನ್ನು ನಾವೇ ಕಂಪೈಲ್ ಮಾಡಬೇಕಾಗುತ್ತದೆ. ಆಗ ಡಿಕೆಎಂಎಸ್ ಮೂಲಕವೇ ಹಾಕು. ಬರೀ ಕಂಪೈಲ್ ಮಾಡಿ ಹಾಕಿದ ಡ್ರೈವರ್ ಮುಂದಿನ ಸಲ ಕರ್ನಲ್ ಅಪ್‌ಡೇಟ್ ಆದ ಕೂಡಲೇ ಕೈಕೊಡುತ್ತದೆ. ಡಿಕೆಎಂಎಸ್ ಇದ್ದರೆ ಹೊಸ ಕರ್ನಲ್ಲಿಗೆ ಅದೇ ಮತ್ತೆ ಕಟ್ಟಿಕೊಡುತ್ತದೆ. ಅದಕ್ಕೆ ಕರ್ನಲ್ಲಿನ ಹೆಡರ್ಸ್ ಪ್ಯಾಕೇಜು ಇರಲೇಬೇಕು, ಹಗುರ ಲಿನಕ್ಸುಗಳಲ್ಲಿ ಅದು ಬಹಳ ಸಲ ಇರುವುದಿಲ್ಲ. ‘ನಿನ್ನೆವರೆಗೆ ಇತ್ತು ದೊಡ್ಡಪ್ಪಾ, ಇವತ್ತು ಬೆಳಿಗ್ಗೆ ಇಲ್ಲ’ ಎಂದು ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ಇದೇ. 2012ರ ಈಚಿನ ಲ್ಯಾಪ್‌ಟಾಪಾದರೆ ಸೆಕ್ಯೂರ್ ಬೂಟ್ ಆನ್ ಇದೆಯೋ ನೋಡು, ಸಹಿ ಇಲ್ಲದ ಡ್ರೈವರನ್ನು ಅದು ಒಳಗೆ ಬಿಡುವುದಿಲ್ಲ.

ಸ್ಪೀಕರಿನ ವಿಷಯ ಚಿಕ್ಕದು. ಟರ್ಮಿನಲ್ಲಿನಲ್ಲಿ ಆಲ್ಸಾಮಿಕ್ಸರ್ ತೆರೆ. ಕಂಬಗಳ ಬುಡದಲ್ಲಿ ಎಂಎಂ ಎಂದಿದ್ದರೆ ಬಾಯಿ ಕಟ್ಟಿದೆ ಎಂದರ್ಥ. ಅದರ ಮೇಲೆ ಹೋಗಿ ಎಂ ಒತ್ತಿದರೆ ಸೊನ್ನೆ ಸೊನ್ನೆ ಆಗುತ್ತದೆ, ಬಾಯಿ ಬಿಡುತ್ತದೆ. ಎಲ್ಲ ಸರಿ ಇದ್ದೂ ಸದ್ದಿಲ್ಲದಿದ್ದರೆ ಎಫ್6 ಒತ್ತಿ ಬೇರೆ ಸೌಂಡ್ ಕಾರ್ಡ್ ಆರಿಸು. ಎಷ್ಟೋ ಮೆಷಿನ್ನುಗಳಲ್ಲಿ ಎಚ್‌ಡಿಎಂಐಯೇ ಮೊದಲ ಸೌಂಡ್ ಕಾರ್ಡ್ ಆಗಿ ಕೂತು, ಇಲ್ಲದ ಟಿವಿಗೆ ಹಾಡು ಹೋಗುತ್ತಿರುತ್ತದೆ.

ಕೆಲವಕ್ಕೆ ಹೊಡೆದಾಡಬೇಡ. ಬೆರಳಚ್ಚು ಓದುವ ಪಟ್ಟಿ ಹಳೇ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಿದರೆ ಅದೃಷ್ಟ, ಇಲ್ಲದಿದ್ದರೆ ಪಾಸ್‌ವರ್ಡ್ ಇದೆ. ಟೆಲಿಫೋನ್ ಲೈನಿನ ಮೋಡೆಮ್ಮಿಗಾಗಿ ಈಗ ಯಾರೂ ಹರಕೆ ಹೊರುವ ಅಗತ್ಯವಿಲ್ಲ. ಇಂಟೆಲ್ ಜಿಎಂಎ 500 ಎಂಬ ಗ್ರಾಫಿಕ್ಸ್ ಇದ್ದರೆ, ಹೆಸರು ಇಂಟೆಲ್ಲಿನದಾದರೂ ಒಳಗಿನ ತಿರುಳು ಪವರ್‌ವಿಆರ್ ಎಂಬ ಬೇರೆಯವರದು. ಕರ್ನಲ್ಲಿನ ಡ್ರೈವರ್ ಚಿತ್ರವನ್ನೇನೋ ತೋರಿಸುತ್ತದೆ, ಮೂರು ಆಯಾಮದ ವೇಗ ಕೊಡುವುದಿಲ್ಲ. ಅದರ ಮೇಲೆ ಒಂದು ರಜೆಯನ್ನೂ ಹಾಳು ಮಾಡಬೇಡ. ಎನ್ವಿಡಿಯಾ ಆದರೆ ನೂವೋ ಎಂಬ ಮುಕ್ತ ಡ್ರೈವರ್ ತಾನಾಗಿ ಬರುತ್ತದೆ, ಪತ್ರ ಬರೆಯಲು, ಸಿನಿಮಾ ನೋಡಲು ಅಷ್ಟು ಸಾಲುತ್ತದೆ.

ಬಿ43, ಡಬ್ಲ್ಯೂಎಲ್ ಎರಡೂ ಆಗಿ ವೈಫೈ ಇನ್ನೂ ಕುಂಟುತ್ತಿದ್ದರೆ ಹಟ ಬಿಟ್ಟು ಕಾರ್ಡನ್ನೇ ಬದಲಿಸು. ಅಥೆರಾಸಿನ ಎಆರ್9285 ಇರುವ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡು ಹಳೇದಾಗಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸು. ಅದಕ್ಕೆ ಫರ್ಮ್‌ವೇರಿನ ಹಂಗೇ ಇಲ್ಲ, ಎಟಿಎಚ್9ಕೆ ಎಂಬ ಡ್ರೈವರ್ ಕರ್ನಲ್ಲಿನಲ್ಲೇ ಇದೆ, ಹಾಕಿದ ಕೂಡಲೇ ಏಳುತ್ತದೆ. ಕೊಳ್ಳುವ ಮುಂಚೆ ಒಂದು ವಿಚಾರ. ಕೆಲವು ತಯಾರಕರ ಬಯಾಸ್ ತಾನು ಒಪ್ಪಿದ ಕಾರ್ಡುಗಳ ಪಟ್ಟಿ ಇಟ್ಟುಕೊಂಡಿರುತ್ತದೆ. ಪಟ್ಟಿಯಲ್ಲಿಲ್ಲದ ಕಾರ್ಡು ಕಂಡರೆ ಬೂಟ್ ಆಗುವುದಕ್ಕೇ ಒಪ್ಪುವುದಿಲ್ಲ. ಬೇಡವೆಂದರೆ ವಾಪಸ್ ತಗೊಳ್ಳುತ್ತೀರಾ ಎಂದು ಅಂಗಡಿಯಲ್ಲೇ ಕೇಳಿಕೋ. ಬ್ಯಾಟರಿ ತೆಗೆದಿಟ್ಟು, ಅಡಿಯ ಮುಚ್ಚಳ ಬಿಚ್ಚಿ, ಮೊದಲು ಫೋನಿನಲ್ಲೊಂದು ಫೋಟೋ ಹೊಡಿ. ಕಾರ್ಡಿನ ತುದಿಗೆ ಒಂದು ಕಪ್ಪು, ಒಂದು ಬಿಳಿ ಆಂಟೆನಾ ತಂತಿ ಇರುತ್ತದೆ, ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಚಿನ್ನದ ಬಣ್ಣದ ಗುಂಡಿ. ತಂತಿ ಹಿಡಿದು ಜಗ್ಗಬೇಡ. ಗುಂಡಿಯ ಅಂಚಿಗೆ ಉಗುರು ಕೊಟ್ಟು ನೇರ ಮೇಲಕ್ಕೆ ಎತ್ತು. ಕೂರಿಸುವಾಗ ಟಿಕ್ ಎಂದು ಸಣ್ಣ ಸದ್ದು ಬೆರಳಿಗೇ ಗೊತ್ತಾಗುತ್ತದೆ. ಓರೆಯಾಗಿ ಒತ್ತಿದರೆ ಗುಂಡಿ ಚಪ್ಪಟೆಯಾಗಿ ಸಿಗ್ನಲ್ ಪಡಸಾಲೆ ದಾಟುವುದಿಲ್ಲ.

ಇನ್ನು ಪ್ರಿಂಟರ್. ಲಿನಕ್ಸ್ ಲೋಕದಲ್ಲಿ ಇದಕ್ಕೊಂದು ಮರ್ಯಾದೆ ಇದೆ. ಎಂಐಟಿಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್ಮನ್ ಜೆರಾಕ್ಸ್ ಪ್ರಿಂಟರಿನ ಪ್ರೋಗ್ರಾಮು ಸರಿಪಡಿಸಲು ಅದರ ಮೂಲ ಕೋಡ್ ಕೇಳಿ, ಕೊಡುವುದಿಲ್ಲ ಎನ್ನಿಸಿಕೊಂಡ ಸಿಟ್ಟು 1983ರಲ್ಲಿ ಗ್ನೂ ಯೋಜನೆ ಸಾರುವುದಕ್ಕೆ ಒಂದು ಕಾರಣ. ನಾವು ಈಗಲೂ ಅದೇ ಪ್ರಿಂಟರಿನ ಎದುರು ಕೂತಿದ್ದೇವೆ. ನಮ್ಮ ಕಡೆಯ ಜೆರಾಕ್ಸ್ ಅಂಗಡಿ, ಆಫೀಸುಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ2900ಕ್ಕೆ ಸಾಮಾನ್ಯ ಪ್ರಿಂಟರ್ ಭಾಷೆ ಬರುವುದಿಲ್ಲ. ಪುಟವನ್ನೆಲ್ಲ ಕಂಪ್ಯೂಟರೇ ಚುಕ್ಕಿ ಮಾಡಿ ಕ್ಯಾಪ್ಟ್ ಎಂಬ ಅದರದೇ ಭಾಷೆಯಲ್ಲಿ ಕಳಿಸಬೇಕು. ಕಂಪನಿಯ ಲಿನಕ್ಸ್ ಡ್ರೈವರ್ ಇದೆ, ಆದರೆ 64 ಬಿಟ್ ಸಿಸ್ಟಮ್ಮಿನಲ್ಲೂ ಅದಕ್ಕೆ 32 ಬಿಟ್ಟಿನ ಲೈಬ್ರರಿಗಳು ಬೇಕು, ಅವಿಲ್ಲದೆ ಏನೂ ಹೇಳದೆ ಸುಮ್ಮನಾಗುತ್ತದೆ. ಬಿ43ರ ಹಾಗೆಯೇ ಇದಕ್ಕೂ ಹೊರಗಿನವರು ಬಿಡಿಸಿ ಬರೆದ ಕ್ಯಾಪ್ಟ್‌ಡ್ರೈವರ್ ಎಂಬುದೊಂದಿದೆ. ಮನೆಯಲ್ಲಿರುವುದು ಎಚ್‌ಪಿ ಲೇಸರ್‌ಜೆಟ್ 1020 ಆದರೆ ಕತೆ ಸುಲಭ. ಆಫ್ ಮಾಡಿದ ಕೂಡಲೇ ಅದು ತನ್ನ ಫರ್ಮ್‌ವೇರನ್ನು ಮರೆಯುತ್ತದೆ, ಪ್ರತಿಸಲ ಆನ್ ಮಾಡಿದಾಗಲೂ ಕಂಪ್ಯೂಟರ್ ತುಂಬಬೇಕು. ಎಚ್‌ಪಿಲಿಪ್ ಪ್ಯಾಕೇಜು ಹಾಕಿ, ಎಚ್‌ಪಿ-ಪ್ಲಗಿನ್ ಎಂಬ ಕಮಾಂಡು ಒಮ್ಮೆ ಕೊಟ್ಟರೆ ಆಮೇಲೆ ಅದನ್ನು ಅದೇ ನೋಡಿಕೊಳ್ಳುತ್ತದೆ.

ಎರಡರಲ್ಲಿ ಯಾವುದು ಎಂದು ನಿಮ್ಮಮ್ಮ ಹೇಳಲಿಲ್ಲ, ಕಪ್ಪು ಡಬ್ಬಿ ಎಂದಳು. ಎಲ್‌ಎಸ್‌ಪಿಸಿಐ, ಎಲ್‌ಎಸ್‌ಯುಎಸ್‌ಬಿ ಎರಡರ ಸಾಲುಗಳನ್ನೂ ಟೆದರ್ ಮಾಡಿಕೊಂಡ ಮೇಲೆ ಲ್ಯಾಪ್‌ಟಾಪಿನಿಂದಲೇ ನನಗೆ ಇಮೇಲ್ ಮಾಡು. ಸ್ಕ್ರೀನಿನ ಫೋಟೋ ಹೊಡೆದು ವಾಟ್ಸಾಪಿಗೆ ಹಾಕಬೇಡ. ಅದರಲ್ಲಿ ಎಂಟು ಯಾವುದು, ಬಿ ಯಾವುದು ಎಂದು ನನ್ನ ಈ ಕನ್ನಡಕಕ್ಕೆ ತಿಳಿಯುವುದಿಲ್ಲ.